ನನ್ನ ಅನುಭವ: ಕಣ್ಣೆದುರಿನ ಫೈಲು ಇಲ್ಲ ಎಂದಾಗ

ಮೆಕ್ಕೆಜೋಳದ ಸುಗ್ಗಿ ಜೋರಾಗಿದ್ದ ವಾರ ದಾವಣಗೆರೆಯ ಒಂದು ವೇಬ್ರಿಡ್ಜ್‌ನಲ್ಲಿ ಹಳೆಯ ಕಂಪ್ಯೂಟರ್ ಕೆಟ್ಟು ನಿಂತಿತು. ಹೊಸದಕ್ಕೆ 64 ಬಿಟ್‌ನ ಡೆಬಿಯನ್ 11 ಎಂಬ ಲಿನಕ್ಸ್ ಹಾಕಿ, ಹಳೆಯ ಡಿಸ್ಕಿನಿಂದ ತೂಕದ ಪ್ರೋಗ್ರಾಮನ್ನು ನಕಲು ಮಾಡಿದೆ. ಹೊರಗೆ ಲಾರಿಗಳು ಸಾಲುಗಟ್ಟುತ್ತಿದ್ದವು. ಪ್ರೋಗ್ರಾಮನ್ನು ಓಡಿಸಿದರೆ ಟರ್ಮಿನಲ್‌ನಲ್ಲಿ ಬಂದದ್ದು ಒಂದೇ ಸಾಲು: ಅಂಥ ಫೈಲು ಇಲ್ಲ.

"ಫೈಲು ಇಲ್ಲೇ ಇದೆಯಲ್ಲ ಸರ್?" ಎಂದು ಚೀಟಿ ಬರೆಯುವ ಹುಡುಗ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. ಅವನ ಮಾತು ನಿಜ. ಹೆಸರು, ಗಾತ್ರ, ಓಡಿಸುವ ಅನುಮತಿ ಎಲ್ಲವೂ ಸರಿಯಾಗಿಯೇ ಇದ್ದವು.

ಇಲ್ಲದಿದ್ದದ್ದು ಬೇರೆಯೇ ಫೈಲು. ನಾವು ಪ್ರೋಗ್ರಾಮಿನ ಹೆಸರು ಕೊಟ್ಟಾಗ ಕಮಾಂಡುಗಳನ್ನು ಓದುವ ಶೆಲ್ ಅದನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಒಪ್ಪಿಸುತ್ತದೆ. ಕರ್ನಲ್ ಮೊದಲ ನಾಲ್ಕು ಬೈಟುಗಳನ್ನು ನೋಡಿ ಇದು ಎಲ್ಫ್ ಮಾದರಿಯದು, ಅಂದರೆ ಲಿನಕ್ಸ್‌ನಲ್ಲಿ ಓಡುವ ಪ್ರೋಗ್ರಾಮುಗಳ ರೂಪದ್ದು ಎಂದು ಗುರುತಿಸುತ್ತದೆ. ಡೈನಾಮಿಕ್ ಆಗಿ, ಅಂದರೆ ಓಡುವ ಹೊತ್ತಿಗೆ ಕೂಡಿಕೊಳ್ಳುವಂತೆ, ಜೋಡಿಸಿದ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಸಿದ್ಧ ಕೋಡ್) ತಂದು ಕೂಡಿಸುವ ಕೆಲಸ ಮಾತ್ರ ಕರ್ನಲ್‌ನದಲ್ಲ. ಅದಕ್ಕೆ ಲೋಡರ್ ಎಂಬ ಇನ್ನೊಂದು ಪ್ರೋಗ್ರಾಮು ಬೇಕು. ಅದು ಎಲ್ಲಿದೆ ಎಂಬ ಪೂರ್ತಿ ವಿಳಾಸ ಮೊದಲ ಪ್ರೋಗ್ರಾಮಿನ ಹೊಟ್ಟೆಯೊಳಗೇ ಬರೆದಿರುತ್ತದೆ. ಕರ್ನಲ್ ಎರಡನ್ನೂ ಮೆಮೊರಿಗೆ ಮ್ಯಾಪ್ ಮಾಡಿ ಹಿಡಿತವನ್ನು ಲೋಡರ್‌ಗೆ ಕೊಡುತ್ತದೆ. ಆ ಲೋಡರ್ ಸಿಗದಿದ್ದರೂ ಕರ್ನಲ್ ಹಿಂದಿರುಗಿಸುವುದು ಫೈಲು ಇಲ್ಲ ಎನ್ನುವ ಅದೇ 2ನೇ ನಂಬರಿನ ದೋಷವನ್ನು. ಯಾವ ಫೈಲು ಎಂದು ಹೇಳುವುದಿಲ್ಲ. ಶೆಲ್ ಅದರ ಪಕ್ಕ ನಮ್ಮ ಪ್ರೋಗ್ರಾಮಿನ ಹೆಸರನ್ನೇ ಅಂಟಿಸಿಬಿಡುತ್ತದೆ. ಎಷ್ಟು ಜನರ ಎಷ್ಟು ಗಂಟೆಗಳನ್ನು ಈ ಒಂದು ಸಾಲು ತಿಂದಿದೆಯೋ! ಬ್ಯಾಷ್ ಎಂಬ ಶೆಲ್‌ನ ಹೊಸ ಆವೃತ್ತಿಗಳು ಇದನ್ನು ತುಸು ಬಿಡಿಸಿ ಹೇಳುತ್ತವೆ ಎಂಬುದು ಸಮಾಧಾನ.

ರೀಡ್‌ಎಲ್ಫ್ ಕಮಾಂಡಿನಿಂದ ಪ್ರೋಗ್ರಾಮಿನ ಒಳಗೆ ಇಣುಕಿದೆ. ಕೇಳುತ್ತಿದ್ದ ಲೋಡರ್ '/ಲಿಬ್/ಎಲ್‌ಡಿ-ಲಿನಕ್ಸ್.ಎಸ್‌ಒ.2'. ಅದು 32 ಬಿಟ್‌ನದು. ಹೊಸ ಯಂತ್ರದಲ್ಲಿದ್ದದ್ದು 64 ಬಿಟ್‌ನದು ಮಾತ್ರ. ಡೆಬಿಯನ್‌ಗೆ ಐ386 (32 ಬಿಟ್‌ನ) ಪ್ಯಾಕೇಜುಗಳನ್ನೂ ಒಪ್ಪಿಕೊಳ್ಳಲು ಹೇಳಿ, 32 ಬಿಟ್‌ನ ಸಿ ಲೈಬ್ರರಿಯನ್ನು ಹಾಕಿದೆ. ಲೋಡರ್ ಅದರ ಜೊತೆಯಲ್ಲೇ ಬರುತ್ತದೆ.

ಮತ್ತೆ ಓಡಿಸಿದೆ. ಮತ್ತೆ ದೋಷವೇ, ಆದರೆ ಮಾತು ಬದಲಾಗಿತ್ತು: ಟರ್ಮಿನಲ್ ಪರದೆಯನ್ನು ನಿಭಾಯಿಸುವ ಎನ್‌ಕರ್ಸಸ್ ಲೈಬ್ರರಿಯ 5ನೇ ಆವೃತ್ತಿ ಸಿಗುತ್ತಿಲ್ಲ. ಅರ್ಧ ಭಾರ ಇಳಿದಂತಾಯಿತು. ಈ ಸಲ ದೂರು ಹೇಳುತ್ತಿದ್ದುದು ಲೋಡರ್. ಅಂದರೆ ಅದು ಎದ್ದು ಕುಳಿತಿದೆ, ಬೇಕಾದ ಲೈಬ್ರರಿಗಳ ಪಟ್ಟಿಯನ್ನು ಓದಿದೆ, ಹುಡುಕಿದೆ. ಎಲ್‌ಡಿ_ಡೀಬಗ್ ಎಂಬ ಪರಿಸರ ಚರಕ್ಕೆ (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಸೂಚನೆ) 'ಲಿಬ್ಸ್' ಎಂದು ಕೊಟ್ಟು ಓಡಿಸಿದರೆ ಆ ಹುಡುಕಾಟವೇ ಸಾಲುಸಾಲಾಗಿ ಕಾಣುತ್ತದೆ: ಮೊದಲು ಲೈಬ್ರರಿಗಳ ಜಾಗ ಬರೆದಿಟ್ಟ ಕ್ಯಾಶ್ ಫೈಲು, ಅಲ್ಲಿಲ್ಲದಿದ್ದರೆ ಲಿಬ್ ಫೋಲ್ಡರುಗಳು, ಒಂದೊಂದನ್ನೂ ತಟ್ಟಿ ನೋಡಿದ ಗುರುತು. ಲೋಡರ್ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯಬೇಕೆನ್ನುವವರು ಇದನ್ನು ಒಮ್ಮೆಯಾದರೂ ನೋಡಲೇಬೇಕು.

6ನೇ ಆವೃತ್ತಿಗೆ 5 ಎಂದು ಹೆಸರಿಟ್ಟು ಲಿಂಕ್ ಮಾಡಿ ದಾಟಿಸುವವರಿದ್ದಾರೆ. ನಾನು ಮಾಡಲಿಲ್ಲ. ಆ ಅಂಕಿ ಬದಲಾಗಿದೆ ಎಂದರೆ ಒಳಗಿನ ಹೊಂದಾಣಿಕೆಯೇ ಬದಲಾಗಿದೆ ಎಂದರ್ಥ. ರೈತನ ಫಸಲು ತೂಗುವ ಕಡೆ ಅಂಥ ಆಟ ಸಲ್ಲದು. 32 ಬಿಟ್‌ನ 5ನೇ ಆವೃತ್ತಿ ಡೆಬಿಯನ್‌ನಲ್ಲೇ ಸಿಕ್ಕಿತು.

ಪ್ರೋಗ್ರಾಮು ತೆರೆದುಕೊಂಡಿತು. ಆದರೂ ಲಾರಿ ಹತ್ತಿಸಲು ನಾನು ಬಿಡಲಿಲ್ಲ. ಆ ಹಳೆಯ ಪ್ರೋಗ್ರಾಮಿನಲ್ಲಿ ಲೈಬ್ರರಿಯ ಫಂಕ್ಷನ್ನುಗಳ (ಒಂದೊಂದು ಕೆಲಸ ಮಾಡುವ ಕೋಡಿನ ತುಣುಕುಗಳ) ವಿಳಾಸವನ್ನು, ಪ್ರೋಗ್ರಾಮು ಅವನ್ನು ಮೊದಲ ಸಲ ಕರೆದಾಗಷ್ಟೇ ಲೋಡರ್ ಹುಡುಕುತ್ತಿತ್ತು. ಚೀಟಿ ಮುದ್ರಿಸುವ ಫಂಕ್ಷನ್ ಏನಾದರೂ ಸಿಗದಿದ್ದರೆ ಪ್ರೋಗ್ರಾಮು ಸಾಯುವುದು ಲಾರಿ ಮೇಲಿರುವಾಗಲೇ. ಎಲ್‌ಡಿ_ಬೈಂಡ್_ನೌ ಚರಕ್ಕೆ 1 ಕೊಟ್ಟು ಮತ್ತೊಮ್ಮೆ ಓಡಿಸಿ, ಎಲ್ಲ ವಿಳಾಸಗಳನ್ನೂ ಆರಂಭದಲ್ಲೇ ಹುಡುಕಿಸಿದೆ. ಒಂದೂ ತಪ್ಪಲಿಲ್ಲ.

ಹಾಕಿದ ಪ್ಯಾಕೇಜುಗಳ ಹೆಸರನ್ನು ಕಾಗದದಲ್ಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿದೆ. ಹುಡುಗ ಮೊದಲ ಲಾರಿಗೆ ಕೈ ಮಾಡಿ ಕರೆದ.