ಹಾಲೂಡಿಸುವಾಗ ಬಿಡದೆ ಕಾಡುವ ನೋವು: ಸಹಿಸುವ ಮೊದಲು ಕಾರಣ ಹುಡುಕಿ

ಹೆರಿಗೆಯಾದ ಮೊದಲ ವಾರ ಮಗು ಬಾಯಿ ಹಾಕಿದ ಕೂಡಲೇ ತೊಟ್ಟು ಚುರ್ ಎನ್ನುವುದು ಸಾಮಾನ್ಯ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷದಲ್ಲಿ ಅದು ಇಳಿಯಬೇಕು. ಮಗು ಕುಡಿದು ಮುಗಿಸುವವರೆಗೂ ನೋವಿದ್ದರೆ, ತೊಟ್ಟು ಸೀಳಿ ರಕ್ತ ಬಂದರೆ, ವಾರ ದಾಟಿದರೂ ನೋವು ತಗ್ಗದಿದ್ದರೆ ಅದಕ್ಕೆ ಕಾರಣವೊಂದು ಇರುತ್ತದೆ. ‘ಎಲ್ಲರಿಗೂ ಆಗೋದೇ, ಸಹಿಸ್ಕೋ’ ಎಂದು ಹೇಳುವವರಿಗೆ ಸುಲಭ. ದಿನಕ್ಕೆ 8ರಿಂದ 12 ಸಲ ಹಾಲೂಡಿಸುವವಳಿಗೆ ಅಲ್ಲ.

ಮೊದಲು ಮಗುವಿನ ಬಾಯಿ ನೋಡಿ

ಹೆಚ್ಚಿನವರ ನೋವಿಗೆ ಕಾರಣ ಇಲ್ಲೇ ಸಿಗುತ್ತದೆ. ಮಗು ಬರೀ ತೊಟ್ಟನ್ನು ಚೀಪುತ್ತಿದ್ದರೆ ತೊಟ್ಟು ಅದರ ಗಟ್ಟಿ ಅಂಗುಳಕ್ಕೆ ಒತ್ತಿ ಉಜ್ಜುತ್ತದೆ. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋದರೆ ತೊಟ್ಟು ಹಿಂದಿನ ಮೆತ್ತನೆಯ ಜಾಗ ತಲುಪುತ್ತದೆ, ಆಗ ನೋಯುವುದಿಲ್ಲ.

ಮಗುವಿನ ಹೊಟ್ಟೆ ನಿಮ್ಮ ಮೈಗೆ ತಾಗುವಂತೆ ಹಿಡಿಯಿರಿ. ಕುಡಿಯಲು ಅದು ಕತ್ತು ತಿರುಗಿಸುವಂತಿರಬಾರದು. ತೊಟ್ಟು ಅದರ ಮೂಗಿನ ನೇರಕ್ಕಿರಲಿ. ಮೇಲ್ತುಟಿಗೆ ತಾಗಿಸಿ, ಆಕಳಿಸುವಷ್ಟು ಅಗಲವಾಗಿ ಬಾಯಿ ತೆರೆಯುವವರೆಗೆ ಕಾಯಿರಿ. ತೆರೆದ ಕೂಡಲೇ ಮಗುವನ್ನು ಎದೆಗೆ ತನ್ನಿ. ನೀವೇ ಬಗ್ಗಿ ಎದೆಯನ್ನು ಬಾಯಿಗೆ ತುರುಕಿದರೆ ಹಿಡಿತವೂ ಸರಿ ಬರುವುದಿಲ್ಲ, ಬೆನ್ನೂ ಹಿಡಿದುಕೊಳ್ಳುತ್ತದೆ. ಮಗುವಿನ ಗದ್ದ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಡಚಿದ್ದರೆ ಸರಿಯಾಗಿದೆ ಎಂದರ್ಥ.

ನೋವು ನಿಲ್ಲಲಿಲ್ಲವೇ? ಎಳೆದು ಬಿಡಿಸಬೇಡಿ. ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗಿಟ್ಟು ಹಿಡಿತ ಸಡಿಲಿಸಿ, ಮತ್ತೆ ಮೊದಲಿನಿಂದ ಹಿಡಿಸಿ. ಕುಡಿದಾದ ಮೇಲೆ ತೊಟ್ಟು ಗುಂಡಗಿದೆಯೇ ನೋಡಿ. ಹೊಸ ಲಿಪ್‌ಸ್ಟಿಕ್ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿದ್ದರೆ ಹಿಡಿತ ಇನ್ನೂ ಸರಿಯಾಗಿಲ್ಲ. ಎಷ್ಟು ಭಂಗಿ ಬದಲಿಸಿದರೂ ಹೀಗೇ ಆದರೆ ನಾಲಿಗೆಯ ಅಡಿಯ ಪೊರೆ ಗಿಡ್ಡವಾಗಿದೆಯೇ ಎಂದು ಮಕ್ಕಳ ವೈದ್ಯರಿಂದ ನೋಡಿಸಿ.

ಎದೆ ಕಲ್ಲಿನಂತಾದರೆ

ಹೆರಿಗೆಯಾದ 3ರಿಂದ 5ನೇ ದಿನದ ಹೊತ್ತಿಗೆ ಹಾಲಿಳಿದು ಎದೆ ಬಿಗಿಯುತ್ತದೆ. ಮಗುವಿಗೆ ಹಿಡಿಯಲು ಜಾಗವೇ ಸಿಗದಿದ್ದರೆ ತೊಟ್ಟಿನ ಸುತ್ತ ಬೆರಳುಗಳನ್ನಿಟ್ಟು ಒಂದು ನಿಮಿಷ ಹಿತವಾಗಿ ಒಳಕ್ಕೆ ಒತ್ತಿ ಹಿಡಿಯಿರಿ. ಊತ ಹಿಂದೆ ಸರಿದು ಆ ಭಾಗ ಮೆದುವಾಗುತ್ತದೆ.

ಒಂದು ಕಡೆ ಗಂಟಾಗಿ, ಕೆಂಪೇರಿ, ಬಿಸಿಯಾದರೆ? ಜೋರಾಗಿ ತಿಕ್ಕಿ ಗಂಟು ಕರಗಿಸುವುದು ಹಳೆಯ ರೂಢಿ. ದಯವಿಟ್ಟು ಬೇಡ. ಒಳಗೆ ಊದಿಕೊಂಡಿರುವ ಭಾಗಕ್ಕೆ ಪೆಟ್ಟಾಗಿ ಬಾವು ಜಾಸ್ತಿಯಾಗುತ್ತದೆ. ಪಂಪ್ ಹಾಕಿ ಪೂರ್ತಿ ಬರಿದು ಮಾಡುವುದೂ ಬೇಡ. ತೆಗೆದಷ್ಟೂ ದೇಹ ಹೆಚ್ಚು ಹಾಲು ಮಾಡುತ್ತದೆ, ಬಿಗಿತವೂ ಹೆಚ್ಚುತ್ತದೆ. ಮಗುವಿಗೆ ಎಂದಿನಂತೆ ಕುಡಿಸಿ. ಆ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ. ನಡುವೆ ಬಟ್ಟೆಯಲ್ಲಿ ಸುತ್ತಿದ ಐಸನ್ನು 10–20 ನಿಮಿಷ ಇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಎರಡೂ ಹಾಲೂಡಿಸುವವರಿಗೆ ಸಾಮಾನ್ಯವಾಗಿ ಸುರಕ್ಷಿತ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಿಪಿ ಇದ್ದರೆ ಐಬುಪ್ರೊಫೇನ್‌ಗೆ ಮೊದಲು ವೈದ್ಯರನ್ನು ಕೇಳಿ. ನೋವಿಗೆಂದು ಆಸ್ಪಿರಿನ್ ಬೇಡ.

ಜ್ವರ, ಚಳಿ, ಮೈಕೈ ನೋವು ಬಂದರೆ ಮಾಸ್ಟೈಟಿಸ್ (ಎದೆಯ ಬಾವು) ಇರಬಹುದು. ಒಂದು ದಿನದೊಳಗೆ ಇಳಿಯದಿದ್ದರೆ ವೈದ್ಯರ ಬಳಿ ಹೋಗಿ, ಆಂಟಿಬಯಾಟಿಕ್ ಬೇಕಾಗಬಹುದು. ತೀರಾ ಸುಸ್ತಾದರೆ ಆ ಒಂದು ದಿನವನ್ನೂ ಕಾಯಬೇಡಿ. ಕರಗದೆ ಉಳಿದ ಗಂಟಿನೊಳಗೆ ಕೀವು ತುಂಬಿರಬಹುದು, ಅದಕ್ಕೆ ಸ್ಕ್ಯಾನ್ ಮಾಡಿಸಬೇಕು.

ಕುಡಿದಾದ ಮೇಲೂ ಉರಿ

ತೊಟ್ಟು ಬೆಳ್ಳಗೆ, ಆಮೇಲೆ ನೀಲಿಯಾಗಿ, ಕೆಂಪಾಗಿ ಉರಿದರೆ ಅಲ್ಲಿನ ರಕ್ತನಾಳ ಸೆಟೆದುಕೊಂಡಿದೆ. ಚಳಿಗೆ ಇದು ಹೆಚ್ಚು. ಮಗು ಬಾಯಿ ಬಿಟ್ಟ ಕೂಡಲೇ ಬೆಚ್ಚಗಿನ ಒಣಬಟ್ಟೆ ಮುಚ್ಚಿಕೊಳ್ಳಿ. ಇಲ್ಲಿ ಐಸ್ ಕೆಲಸ ಕೆಡಿಸುತ್ತದೆ. ತೊಟ್ಟು ಹೊಳೆಯುವಂತೆ ಕೆಂಪಾಗಿ, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಫಂಗಸ್ ಇರಬಹುದು. ಔಷಧಿ ಇಬ್ಬರಿಗೂ ಬೇಕು. ಒಬ್ಬರಿಗೆ ಮಾತ್ರ ಕೊಟ್ಟರೆ ಮತ್ತೆ ಮರಳುತ್ತದೆ.

ಪಂಪ್ ಬಳಸುವವರು ಅದರ ಕೊಳವೆಯ ಅಳತೆ ತೊಟ್ಟಿಗೆ ಸರಿಹೊಂದುತ್ತದೆಯೇ ನೋಡಿಕೊಳ್ಳಿ. ಸೀಳಿದ ತೊಟ್ಟಿಗೆ ಸೋಪು ಹಚ್ಚಬೇಡಿ, ಎರಡು ಹನಿ ಎದೆಹಾಲು ಸವರಿ ಆರಲು ಬಿಡಿ.

ವೈದ್ಯರನ್ನೋ ಹಾಲೂಡಿಕೆ ತಜ್ಞರನ್ನೋ ಕಾಣುವಾಗ ಸುಮ್ನೆ ‘ನೋವು’ ಎಂದರೆ ಸಾಲದು. ಶುರುವಿನಲ್ಲೋ ಕೊನೆಯಲ್ಲೋ, ಒಂದು ಕಡೆಯೋ ಎರಡೂ ಕಡೆಯೋ, ಚುಚ್ಚುತ್ತದೋ ಉರಿಯುತ್ತದೋ ಹೇಳಿ. ಸಾಧ್ಯವಾದರೆ ಮಗು ಹಸಿದಿರುವ ಹೊತ್ತಿಗೇ ಹೋಗಿ, ಒಂದು ಸಲ ಪೂರ್ತಿ ಹಾಲೂಡಿಸುವುದನ್ನು ನೋಡುವಂತೆ ಕೇಳಿಕೊಳ್ಳಿ.