ಯಾರ ಕಣ್ಣೂ ನೋಡದ ಅಜ್ಜನಿಗೆ ಮದ್ರಾಸ್ ಐ ಬಂದದ್ದು

2023ರ ಮಳೆಗಾಲ. ರಾಜ್ಯದ ಎಲ್ಲೆಡೆ ಮದ್ರಾಸ್ ಐ ಹಬ್ಬಿತ್ತು. ನಾನು ಶುಶ್ರೂಷಕಿಯಾಗಿದ್ದ ಕಣ್ಣಿನ ವಿಭಾಗದ ಮುಂದೆ ಬೆಳಗ್ಗೆ ಎಂಟಕ್ಕೇ ಕೆಂಗಣ್ಣಿನವರ ಸಾಲು. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಇದ್ದು, ಕಣ್ಣಿನ ಒತ್ತಡ ನೋಡಿಸಿಕೊಂಡು ಹೋಗಿದ್ದ ಅಜ್ಜರೊಬ್ಬರು ಎಂಟೇ ದಿನಕ್ಕೆ ಮರಳಿ ಬಂದರು. ರೆಪ್ಪೆ ಊದಿತ್ತು, ಕಿವಿಯ ಮುಂದೆ ಗಂಟು.

"ನಾನು ಯಾರ ಕಣ್ಣೂ ನೋಡಿಲ್ಲ ಕಣವ್ವಾ. ಇಲ್ಲಿಗೆ ಬಂದು ಹೋದದ್ದು ಬಿಟ್ಟರೆ ಮನೆಯಿಂದ ಹೊರಗೇ ಬಂದಿಲ್ಲ" ಅಂದರು.

ನೋಡಿದರೆ ಅಂಟುವುದಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದವಳು ನಾನೇ. ಆದರೆ ಅವರ ಎರಡನೇ ಮಾತು ನಿದ್ದೆ ಕೆಡಿಸಿತು. ಡಾಕ್ಟರಿಗೆ ಅಡಿನೋವೈರಸ್ ಅನುಮಾನ. ಅದು ತಗುಲಿ ಕಣ್ಣು ಕೆಂಪಾಗಲು ಸಾಮಾನ್ಯವಾಗಿ 5ರಿಂದ 12 ದಿನ. ಲೆಕ್ಕ ನಮ್ಮ ಕೋಣೆಗೇ ಬಂದು ನಿಲ್ಲುತ್ತಿತ್ತು.

ಕಣ್ಣಿನ ಒತ್ತಡ ಅಳೆಯುವ ಟೋನೋಮೀಟರಿನ ತುದಿ ನೇರ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ತಾಗುತ್ತದೆ. ನಾವು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಮುಂದಿನವರಿಗೆ ಹಚ್ಚುತ್ತಿದ್ದೆವು. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿಲ್ಲ, ಸ್ಪಿರಿಟ್ ಒರೆಸಿದ ಮಾತ್ರಕ್ಕೆ ಸಾಯುತ್ತದೆಂದು ನಂಬುವಂತಿಲ್ಲ. ಒಣ ಪ್ಲಾಸ್ಟಿಕ್ ಮೇಲೆ ವಾರಗಟ್ಟಲೆ ಉಳಿಯುತ್ತದೆ. ಇನ್ನು ಪಾಪೆ ಅರಳಿಸುವ ಹನಿ: ಇಡೀ ಸಾಲಿಗೆ ಒಂದೇ ಬಾಟಲಿ. ಅದರ ಮೂತಿ ಎಷ್ಟು ಜನರ ರೆಪ್ಪೆಗೂದಲಿಗೆ ತಗುಲಿತ್ತೋ!

ಮರುದಿನದಿಂದಲೇ ಕೆಂಗಣ್ಣಿನವರಿಗೆ ವರಾಂಡದಲ್ಲಿ ಬೇರೆ ಬೆಂಚು, ಬೇರೆ ಕೋಣೆ. ತೀರಾ ಅಗತ್ಯವಿಲ್ಲದೆ ಅವರ ಕಣ್ಣಿಗೆ ಟೋನೋಮೀಟರ್ ಮುಟ್ಟಿಸಲಿಲ್ಲ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ತುದಿಯನ್ನು 10 ನಿಮಿಷ ಗಡಿಯಾರ ನೋಡಿಕೊಂಡೇ ನೆನೆಸಿಡುತ್ತಿದ್ದೆ. ಆಮೇಲೆ ಚೆನ್ನಾಗಿ ತೊಳೆದು ಒಣಗಿಸಬೇಕು, ಬ್ಲೀಚ್ ಉಳಿದರೆ ಕಾರ್ನಿಯಾ ಸುಡುತ್ತದೆ. ಒಂದು ತುದಿ ನೆನೆಯುವಾಗ ಇನ್ನೊಂದು ಬಳಕೆಗೆ. ಗಲ್ಲ ಊರುವ ಪಟ್ಟಿ, ಬಾಗಿಲ ಹಿಡಿ, ಪೆನ್ನು ಕೂಡ ಒರೆಸಿದೆವು. ಪ್ರತಿ ರೋಗಿಯಾದ ಮೇಲೂ ಸೋಪಿನಲ್ಲಿ ಕೈ ತೊಳೆದು ತೊಳೆದು ನನ್ನ ಬೆರಳು ಬಿರಿದವು. ಕಣ್ಣು ಕೆಂಪಾದ ಸಹೋದ್ಯೋಗಿಯನ್ನು ಎರಡು ವಾರ ಮನೆಗೆ ಕಳಿಸಿದ್ದು ಎಲ್ಲಕ್ಕಿಂತ ಕಷ್ಟ, ಇದ್ದವರೇ ಮೂವರು.

ಮನೆಗೆ ಹೋಗುವವರಿಗೆ ಟವೆಲು, ದಿಂಬಿನ ಕವರು ಬೇರೆ ಇಡಿ ಅನ್ನುತ್ತಿದ್ದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಹನಿ ಹಾಕಿಕೊಂಡವರ ಮೇಲೆ ಮಾತ್ರ ಸಿಟ್ಟೇ ಮಾಡುತ್ತಿದ್ದೆ. ಉರಿ ತಗ್ಗುತ್ತದೆ, ವೈರಸ್ ಹೆಚ್ಚು ದಿನ ಉಳಿಯುತ್ತದೆ.

ಅಜ್ಜನ ಕೆಂಪು ಮೂರು ವಾರಕ್ಕೆ ಇಳಿಯಿತು. ಆದರೆ ಈ ಸೋಂಕು ಕಾರ್ನಿಯಾದಲ್ಲಿ ಬಿಟ್ಟ ಚುಕ್ಕೆಗಳು ಹೋಗಲಿಲ್ಲ, ದಸರಾ ಹೊತ್ತಿಗೂ ಬಸ್ಸಿನ ಬೋರ್ಡು ಮಸುಕು ಅನ್ನುತ್ತಿದ್ದರು. ಅವತ್ತು ಹೇಳಿಬಿಟ್ಟೆ: "ಇದು ನಮ್ಮಿಂದಲೇ ಬಂದಿರಬಹುದು ಅಜ್ಜಾ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಲ್ಲವನ್ನು ಪಟ್ಟಿಯ ಮೇಲಿಟ್ಟರು. "ಈಗ ತೊಳೆದಿದ್ದೀಯೇನವ್ವಾ?"