ಕಡಲಕಳೆಯಲ್ಲಿರುವ ಅಂಟು ಯಾವುದು: ಎಫ್‌ಟಿಐಆರ್‌ನಲ್ಲಿ ನಾನು ನೋಡುವ ಬಗೆ

ಕಡಲಕಳೆಯಲ್ಲಿರುವ ಅಂಟು ಅಗರೋ, ಕ್ಯಾರಜೀನನ್ನೋ (ಇವೆರಡೂ ಕೆಂಪು ಕಳೆಯವು), ಆಲ್ಜಿನೇಟೋ (ಕಂದು ಕಳೆಯದು) ಎಂದು ತಿಳಿಯಲು ಅಂಟನ್ನು ಕುದಿಸಿ ತೆಗೆಯಲೇಬೇಕೆಂದಿಲ್ಲ. ಪದಾರ್ಥವು ಇನ್‌ಫ್ರಾರೆಡ್ ಬೆಳಕನ್ನು ಎಲ್ಲೆಲ್ಲಿ ಹೀರುತ್ತದೆಂದು ಗ್ರಾಫ್ ಬಿಡಿಸುವ ಎಫ್‌ಟಿಐಆರ್ ಉಪಕರಣದಲ್ಲಿ, ಒಣಪುಡಿಯನ್ನು ಎಟಿಆರ್ ವಜ್ರದ (ಕಿರಣ ಹಾಯುವ ಪುಟ್ಟ ಹರಳಿನ) ಮೇಲಿಟ್ಟರೆ ಸಾಕು. ಹಾಸನಕ್ಕೆ ನಾನು ತರಿಸುವುದು ತಮಿಳುನಾಡಿನ ಮಂಡಪಂ ಕಡೆಯ ಕಪ್ಪಾಫೈಕಸ್, ಗ್ರಾಸಿಲೇರಿಯಾ ಎಂಬ ಕೆಂಪು ಕಳೆಗಳು ಮತ್ತು ಸರ್ಗಾಸಂ ಎಂಬ ಕಂದು ಕಳೆ.

ಉಪ್ಪು, ಮರಳು ಹೋಗುವಂತೆ ಬೇಗ ತೊಳೆದು, ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿ. ನೆನೆಹಾಕಬೇಡಿ, ಅಂಟಿನ ಒಂದು ಭಾಗ ನೀರಿಗೆ ಬಿಡುತ್ತದೆ. ಅಂಟಿಕೊಂಡ ಚಿಪ್ಪಿನ ಚೂರುಗಳನ್ನು ಕೆರೆದು ತೆಗೆಯಲೇಬೇಕು. ಸುಣ್ಣ ಉಳಿದರೆ 1420, 875, 712 ಸೆಂ.ಮೀ.⁻¹ (ಬೆಳಕಿನ ತರಂಗಸಂಖ್ಯೆ; ಮುಂದಿನ ಪೀಕ್‌ಗಳಿಗೂ ಇದೇ ಅಳತೆ) ಬಳಿ ಗ್ರಾಫಿನಲ್ಲಿ ಪೀಕ್ ಏಳುತ್ತದೆ; 1420 ಅಂದರೆ ಆಲ್ಜಿನೇಟ್‌ನ ಜಾಗವೇ. 712 ಕಂಡಿತೆಂದರೆ ಮತ್ತೆ ತೊಳೆಯಿರಿ.

60 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ನುಣ್ಣಗೆ ಅರೆದು, ಡೆಸಿಕೇಟರ್‌ನಲ್ಲೇ (ತೇವ ಹೀರುವ ಹರಳಿಟ್ಟ ಮುಚ್ಚಿದ ಪಾತ್ರೆಯಲ್ಲೇ) ಆರಿಸಿ. ಮಳೆಗಾಲದ ಇಲ್ಲಿನ ಥಂಡಿಗೆ ಪುಡಿ ಕಣ್ಣೆದುರೇ ಮೆತ್ತಗಾಗುತ್ತದೆ. ಆಗ 1640ರ ನೀರಿನ ಪೀಕ್ ಉಬ್ಬಿ, ಆಲ್ಜಿನೇಟ್‌ನ 1600ರ ಪೀಕನ್ನು ನುಂಗಿಬಿಡುತ್ತದೆ. ಪುಡಿಯನ್ನು ಬೆರೆಸಿ ಒತ್ತುವ ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆಯ ಗೋಜಿಗೆ ಆ ತಿಂಗಳುಗಳಲ್ಲಿ ನಾನು ಹೋಗುವುದೇ ಇಲ್ಲ, ಅದೂ ನೀರು ಹೀರುತ್ತದೆ.

ವಜ್ರವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಬ್ಯಾಕ್‌ಗ್ರೌಂಡ್ (ಪುಡಿಯಿಲ್ಲದ ಖಾಲಿ ವಜ್ರದ ಓದು) ತೆಗೆಯಿರಿ. 4000ದಿಂದ 600 ಸೆಂ.ಮೀ.⁻¹ವರೆಗೆ, ರೆಸಲ್ಯೂಷನ್ 4 ಸೆಂ.ಮೀ.⁻¹, ಸ್ಕ್ಯಾನ್ 32. ವಜ್ರ ಮುಚ್ಚುವಷ್ಟು ಪುಡಿ ಹಾಕಿ ಕ್ಲ್ಯಾಂಪ್ ಬಿಗಿ ಮಾಡಿ. ಕಿರಣ ಪುಡಿಯೊಳಗೆ ಇಳಿಯುವುದು ಒಂದೆರಡು ಮೈಕ್ರಾನ್ ಅಷ್ಟೇ, ಹಾಗಾಗಿ ತರಿ ಉಳಿದರೆ ಪೀಕ್ ಸೊರಗುತ್ತದೆ. ಬೇರೆ ಬೇರೆ ಚಿಟಿಕೆಗಳನ್ನು ಮೂರು ಸಲ ಓದಿಸಿ.

ಕೆಂಪು ಕಳೆಗಳಲ್ಲಿ ನಿಜವಾದ ಕೆಲಸ 1300ರಿಂದ 700ರ ನಡುವೆ. 1250ರ ಸುತ್ತ ದೊಡ್ಡ ಪೀಕ್ ಇದ್ದರೆ ಸಲ್ಫೇಟ್ ಹೇರಳ, ಅಂದರೆ ಕ್ಯಾರಜೀನನ್ ಕಡೆ ಒಲವು. ಜತೆಗೆ 930 ಮತ್ತು 845 ಇದ್ದರೆ ಕಪ್ಪಾ (ಕಪ್ಪಾ, ಅಯೋಟಾ ಎರಡೂ ಕ್ಯಾರಜೀನನ್‌ನ ಬಗೆಗಳು). ಅವೆರಡರ ಮೇಲೆ 805ರಲ್ಲೂ ಎದ್ದರೆ ಅಯೋಟಾ ಬೆರೆತಿದೆ. 1250 ಚಿಕ್ಕದಾಗಿದ್ದು, 930, 890 ಕಂಡು, 845 ಕಾಣದಿದ್ದರೆ ಅಗರ್. ಸರ್ಗಾಸಂನಂಥ ಕಂದು ಕಳೆಯಲ್ಲಿ 1600, 1420ರ ಜೋಡಿಯನ್ನು ಹುಡುಕಿ.

ಎಟಿಆರ್‌ನಲ್ಲಿ ಕೆಳಗಿನ ಸಂಖ್ಯೆಯ ಪೀಕ್‌ಗಳು ಇರುವುದಕ್ಕಿಂತ ಎತ್ತರ ಕಾಣುತ್ತವೆ. ಬಿಲ್ಲೆ ವಿಧಾನದಲ್ಲಿ ಬರೆದ ಅನುಪಾತಗಳೊಂದಿಗೆ ತಿದ್ದದೆ ಹೋಲಿಸಬೇಡಿ. 805 ಮತ್ತು 845ರ ಅನುಪಾತ ಬೇಕಿದ್ದರೆ ಶುದ್ಧ ಕಪ್ಪಾ, ಅಯೋಟಾಗಳನ್ನು ತೂಗಿ ಬೆರೆಸಿ ನಿಮ್ಮದೇ ಉಪಕರಣದಲ್ಲಿ ಹೋಲಿಕೆಯ ಗೆರೆ (ಕ್ಯಾಲಿಬ್ರೇಷನ್) ಎಳೆದುಕೊಳ್ಳಿ.

930 ಒಂದನ್ನೇ ನಂಬಬೇಡಿ. ಪಿಷ್ಟಕ್ಕೂ ಅಲ್ಲೇ ಪೀಕ್ ಇದೆ, ಜತೆಗೆ 860, 765. ಅಂಗಡಿಯ ಅಗರ್ ಪುಡಿಯಲ್ಲಿ ಇವು ಕಂಡರೆ ಒಂದು ತೊಟ್ಟು ಅಯೋಡಿನ್ ಹಾಕಿ. ಕಡುನೀಲಿಗೆ ತಿರುಗಿದರೆ ಹೊರಗಿನ ಹಿಟ್ಟು ಬೆರೆಸಿದ್ದಾರೆ. ಕೆಂಪು-ನೇರಳೆಯಾದರೆ ಗಾಬರಿ ಬೇಡ, ಕೆಂಪು ಕಳೆಯ ಸ್ವಂತ ಪಿಷ್ಟ ಆ ಬಣ್ಣವನ್ನೇ ಕೊಡುತ್ತದೆ.